ಬನ್ನಿ ಎಂದು ಕರೆದ ತಪ್ಪಿಗೆ

ನೀಲಗಂಗವ್ವನವರ ಪತ್ರ ಬಂದಾಗ ನನಗೆ ನಲವತ್ತೇಳು ವರ್ಷ. ತೋಟ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಭ್ರಮೆಗೆ ಸುಮಾರು ಇಪ್ಪತ್ತು. ಪತ್ರದಲ್ಲಿದ್ದದ್ದು ನಾಲ್ಕೇ ಸಾಲು. ತಮ್ಮ ಹೊಲದ ಮನೆಯ ಸುತ್ತ ಆರು ಎಕರೆ ಬಯಲಿದೆ, ಅಷ್ಟನ್ನೂ ಹೂದೋಟ ಮಾಡಬೇಕು, ಕಂಡವರು ಕಣ್ಣರಳಿಸಿ ನಿಲ್ಲಬೇಕು, ದಸರೆಯ ಹೊತ್ತಿಗೆ ಮುಗಿಯಬೇಕು. ದಸರೆಗೆ ಉಳಿದದ್ದು ಏಳು ವಾರ. ಏಳು ವಾರದಲ್ಲಿ ತೋಟ ಆಗುವುದಿಲ್ಲ, ಕೊತ್ತಂಬರಿ ಸೊಪ್ಪು ಆಗುತ್ತದೆ ಎಂದು ನಗುತ್ತಲೇ ಟೇಪು, ನೂಲುಂಡೆ, ಸುಣ್ಣದ ಪುಡಿ ಚೀಲಕ್ಕೆ ತುಂಬಿಕೊಂಡೆ. ಊರಿನ ಹೆಸರನ್ನು ಅವರು ಬರೆದಿರಲಿಲ್ಲ. ಕೊನೆಯ ಬಸ್ ಸ್ಟಾಪಿನಲ್ಲಿ ಇಳಿದು ಬಡಗಣ ದಿಕ್ಕಿಗೆ ನಡೆಯಿರಿ, ಎದುರಿಗೆ ಗಿಡ ಸಿಕ್ಕರೆ ದಾರಿ ಬಿಡಿ ಎಂದಷ್ಟೇ ಇತ್ತು. ಕೈತಪ್ಪಿ ಬರೆದಿರಬೇಕು ಎಂದುಕೊಂಡೆ.

ಮನೆ ದೊಡ್ಡದು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಒಳಗೆ ಹದಿನೆಂಟು ಜನ, ಹಿಂದೆ ದನದ ಕೊಟ್ಟಿಗೆ. ಸುತ್ತ ಮಾತ್ರ ಬೋಳು ಎರೆಮಣ್ಣು. ನೆರಳೆಂಬುದು ಗೋಡೆಯ ಬುಡದಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಮುಂಬಾಗಿಲಿಗೆ ನೇರವಾಗಿ ಒಂದು ದೊಡ್ಡ ತಗ್ಗು ಇತ್ತು, ಆನೆ ಮಲಗಿ ಎದ್ದು ಹೋದಷ್ಟು. ಮನೆಯ ಯಜಮಾನ ಈರಬಸಪ್ಪನವರು ಪಡಸಾಲೆಯಲ್ಲಿ ಆ ತಗ್ಗಿಗೆ ಬೆನ್ನು ಮಾಡಿ ಕುಳಿತಿದ್ದರು. ನಾನು ನಮಸ್ಕಾರ ಎಂದದ್ದಕ್ಕೆ ತಲೆಯಾಡಿಸಿದರು, ತಿರುಗಲಿಲ್ಲ. ವ್ಯವಹಾರವೆಲ್ಲ ಅವರ ಹೆಂಡತಿ ನೀಲಗಂಗವ್ವನವರದು. ಐವತ್ತು ದಾಟಿದ, ನೆಟ್ಟಗೆ ನಿಲ್ಲುವ, ಕಡಿಮೆ ಮಾತಿನ ಹೆಂಗಸು. ನನ್ನ ನಕ್ಷೆಯನ್ನು ಎರಡು ದಿನ ನೋಡಿದರು. ಅಡ್ಡಡ್ಡ ದಾರಿಗಳು, ತಾವರೆ ಕೊಳ, ಬಳ್ಳಿ ಹಬ್ಬಿಸುವ ಕಮಾನು, ಎಲ್ಲಕ್ಕೂ ಹೂಂ ಅಂದರು. ತಗ್ಗಿನ ಜಾಗದಲ್ಲಿ ಕಾರಂಜಿ ಬರೆದಿದ್ದೆ. ಅದರ ಮೇಲೆ ಬೆರಳಿಟ್ಟು, ಇದನ್ನು ಅಳಿಸಿ, ಇಲ್ಲಿ ಏನೂ ಬೇಡ, ಖಾಲಿ ಇರಲಿ ಎಂದರು. ತೋಟದ ನಡುವೆ ತಗ್ಗು ಬಿಡುವುದೆಂದರೆ ಮದುಮಗನ ಮುಂದಿನ ಹಲ್ಲು ಕಿತ್ತ ಹಾಗೆ ಎಂದು ನಾನು ವಾದಿಸಿದೆ. ಅವರು ನಗಲಿಲ್ಲ.

ಮರುದಿನ ಮನೆಯ ಹಳೆಯ ಆಳು ಫಕೀರಪ್ಪನಿಗೆ, ಸಸಿ ಎಲ್ಲಿ ಸಿಗುತ್ತವೆ, ಗುಂಡಿ ತೋಡಿಸೋಣ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನಮ್ಮ ಕಡೆ ಗಿಡಾ ನೆಡೂದಿಲ್ರೀ ಮಾಸ್ತರ, ಕರಿಯೂದು."

ಕರೆಯುವುದು ಹೇಗೆಂದು ಅವನೇ ತೋರಿಸಿದ. ಅರಿಸಿನ, ಕುಂಕುಮ, ನಾಲ್ಕು ಅಕ್ಕಿಕಾಳು ತೆಗೆದುಕೊಂಡು ಪಕ್ಕದ ಹಳ್ಳಿಯ ಒಂದು ಹಿತ್ತಲಿಗೆ ಹೋದ. ಅಲ್ಲಿದ್ದ ಮಲ್ಲಿಗೆಯ ಬುಡಕ್ಕೆ ಕುಂಕುಮವಿಟ್ಟು, ನಮ್ಮ ಅವ್ವಾರು ಕರೀತಾರ, ಮಕ್ಕಳು ಮರಿ ಕರಕೊಂಡು ಬರ್ರಿ ಎಂದ. ಅಷ್ಟೇ. ಮರುದಿನ ಹತ್ತು ಗಂಟೆಯ ಬಿಸಿಲಲ್ಲಿ ನಮ್ಮ ಬಾಗಿಲ ಮುಂದೆ ಹದಿನಾರು ಮಲ್ಲಿಗೆ ಪೊದೆಗಳು ನಿಂತಿದ್ದವು, ಬೇರಿನ ತುಂಬ ದಾರಿಯ ಧೂಳು. ಫಕೀರಪ್ಪ ತಂಬಿಗೆಯಲ್ಲಿ ನೀರು ತಂದು ಬುಡಕ್ಕೆ ಹಾಕಿ, ಒಳಗ ಬರ್ರಿ ಎಂದ. ನಾನು ಕಣ್ಣಿಗೆ ಬಿದ್ದ ಬೆವರು ಒರೆಸಿಕೊಂಡು ನೋಡುವಷ್ಟರಲ್ಲಿ ಅವು ಬಾವಿಯ ಹತ್ತಿರ ಇದ್ದವು. ಅಲ್ಲಿ ಯಾವ ಗಿಡವೂ ಹೆಜ್ಜೆ ಎತ್ತುವುದನ್ನು ಯಾರೂ ಕಂಡಿಲ್ಲ. ನೋಡಿದಾಗ ಇಲ್ಲಿರುತ್ತದೆ, ಮುಖ ತೊಳೆದು ಬಂದರೆ ಅಲ್ಲಿರುತ್ತದೆ. ಆ ದಿನ ನನಗೆ ಊಟ ಸೇರಲಿಲ್ಲ. ಊರಿನವರಿಗೆ ಇದರಲ್ಲಿ ವಿಶೇಷವೇನೂ ಇರಲಿಲ್ಲ. ದಾರಿಯಲ್ಲಿ ಗಿಡ ಎದುರಾದರೆ ಗಾಡಿ ಹೊಡೆಯುವವರು ಎತ್ತುಗಳನ್ನು ಪಕ್ಕಕ್ಕೆ ಸರಿಸಿ, ಬೀಗರ ಮನೆಗೆ ಹೊರಟವರನ್ನು ವಿಚಾರಿಸಿದ ಹಾಗೆ, ಯಾ ಕಡೆ ಹೊಂಟ್ರಿ ಎನ್ನುತ್ತಿದ್ದರು. ಗಿಡಗಳನ್ನು ಅವರು ಅವು ಎನ್ನುತ್ತಿರಲಿಲ್ಲ, ಅವರು ಎನ್ನುತ್ತಿದ್ದರು.

ನನ್ನ ಕಷ್ಟ ಶುರುವಾದದ್ದು ಆಮೇಲೆ. ಹೀಗೇ ಕರೆಸಿದ ಬೇರೆ ಹೂಗಿಡಗಳೂ ಬಂದು ಮನಸ್ಸಿಗೆ ಬಂದಲ್ಲಿ ಕೂತವು. ನಾನು ಸುಣ್ಣದ ಗೆರೆ ಎಳೆದು ಪಾತಿ ಮಾಡಿದರೆ ಸೇವಂತಿಗೆ ದಾರಿಯ ಮಧ್ಯೆ, ದಾಸವಾಳ ಕೊಟ್ಟಿಗೆಯ ಬಾಗಿಲಿಗೆ. ಮೂರು ದಿನ ಕೂಗಾಡಿದೆ. ನಾಲ್ಕನೆಯ ದಿನ ಫಕೀರಪ್ಪ, ಬಂದವರಿಗೆ ಕೂಡಲಿಕ್ಕೆ ಏನರ ಹಾಸಿರೇನು ಎಂದು ಕೇಳಿದ. ಹೊಲದ ಮನೆಯಲ್ಲಿದ್ದ ಕಂಬಳಿ, ಗೋಣಿತಟ್ಟು, ಕೌದಿ ಎಲ್ಲ ಹೊರಗೆ ತೆಗೆಸಿ ನನ್ನ ನಕ್ಷೆಯಂತೆ ಬಯಲಿನಲ್ಲಿ ಹಾಸಿದೆ. ಸಂಜೆಯೊಳಗೆ ಒಂದೊಂದೂ ತನ್ನ ತನ್ನ ಹಾಸಿನ ಮೇಲೆ ಕುಳಿತಿತ್ತು. ಮಾಳಿಗೆ ಹತ್ತಿ ನೋಡಿದಾಗ ನನ್ನ ಕಾಗದದ ಗೆರೆಗಳೇ ಕೆಂಪು, ಹಳದಿ, ಬಿಳಿ ಬಣ್ಣದಲ್ಲಿ ನೆಲದ ಮೇಲಿದ್ದವು. ಹೆಮ್ಮೆಯಿಂದ ಬೀಗಿದೆ.

ಆ ಹೆಮ್ಮೆ ಮಾರನೆಯ ಮಧ್ಯಾಹ್ನದವರೆಗೆ ಉಳಿಯಿತು. ನೆರಳಿಲ್ಲದ ಬಯಲಿನಲ್ಲಿ ಹೂಗಳೆಲ್ಲ ಜೋತುಬಿದ್ದವು. ಮರ ಬೇಕು, ಹಿರಿಯ ಮರಗಳನ್ನು ಕರೆಯಿರಿ ಎಂದೆ. ಫಕೀರಪ್ಪ ನೆಲ ನೋಡಿದ. ಹೂಗಿಡಗಳು ಮಕ್ಕಳಿದ್ದ ಹಾಗೆ, ಯಾರು ಕರೆದರೂ ಓಡಿ ಬರುತ್ತವೆ, ಹಿರಿಯರು ಈ ಮನೆಗೆ ಬಾರದೆ ಹನ್ನೊಂದು ವರ್ಷ ಆಯಿತು ಎಂದ. ಆಮೇಲೆ ಬಾವಿಕಟ್ಟೆಯ ಮೇಲೆ ಕುಳಿತು ಕಥೆ ಹೇಳಿದ.

ಆ ತಗ್ಗಿನಲ್ಲಿ ಒಂದು ಬೇವಿನ ಮರ ಇತ್ತಂತೆ. ಈರಬಸಪ್ಪನವರ ತಂಗಿ ಕಾಶವ್ವ ಹುಟ್ಟಿದ ವರ್ಷ ಅವರ ಅಪ್ಪ ಕರೆದು ಕೂರಿಸಿದ್ದು. ಅದರ ಮೂಡಣ ಕೊಂಬೆಗೆ ಪ್ರತಿ ನಾಗರ ಪಂಚಮಿಗೆ ಕಾಶವ್ವನ ಜೋಕಾಲಿ. ಮದುವೆಯಾಗಿ ಹಳ್ಳದಾಚೆಯ ಊರಿಗೆ ಹೋದ ಮೇಲೂ ಪಂಚಮಿಗೆ ಅವಳು ತವರಿಗೆ ಬರುವುದು ತಪ್ಪಿರಲಿಲ್ಲ. ಒಂದು ಚಳಿಗಾಲ ನೀಲಗಂಗವ್ವ ಅಂಗಳದಲ್ಲಿ ಮೆಣಸಿನಕಾಯಿ ಒಣಗಹಾಕಿದ್ದರು. ಆ ಕೊಂಬೆಯ ನೆರಳು ಬಿದ್ದು ಕಾಯಿ ಕಪ್ಪಾಗುತ್ತಿದ್ದವು. ಯಾರನ್ನೂ ಕೇಳದೆ ಕೊಂಬೆ ಕಡಿಸಿದರು. ಪಂಚಮಿಗೆ ಬಂದ ಕಾಶವ್ವ ಹಗ್ಗ ಹಿಡಿದುಕೊಂಡು ಮರದ ಕೆಳಗೆ ಬಹಳ ಹೊತ್ತು ನಿಂತಳು. ಹಗ್ಗವನ್ನು ಅಲ್ಲೇ ಇಟ್ಟಳು. "ನಾ ಹೋಗ್ತೀನಿ" ಎಂದಳು.

ಹೇಳುತ್ತ ಫಕೀರಪ್ಪನ ದನಿ ಇಳಿಯಿತು. ಆ ಕಡೆಯಲ್ಲಿ ಹೋಗ್ತೀನಿ ಎಂದು ಯಾರೂ ಅನ್ನುವುದಿಲ್ಲ. ನಮ್ಮಲ್ಲೂ ಅನ್ನುವುದಿಲ್ಲ, ಹೋಗಿ ಬರ್ತೀನಿ ಎನ್ನುತ್ತೇವೆ. ನಮ್ಮಲ್ಲಿ ಅದು ಬಾಯಿಮಾತು, ಅಲ್ಲಿ ಅದು ನಡೆಯುತ್ತದೆ. ಅವಳು ಹೋದಳು. ಮೂರನೆಯ ದಿನ ಬೇವಿನ ಮರವೂ ಅವಳ ಹಿಂದೆ ಹೋಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಹುಣಸೆ, ಮಾವು, ಹೊಂಗೆ ಎಲ್ಲ ಎದ್ದು ಹೋದವು. ತಿರುಗಿ ಯಾರೂ ಬರಲಿಲ್ಲ. ತವರಿನ ಮಗಳೇ ಬಾರದ ಮನೆಗೆ ಅವರು ಯಾಕೆ ಬರುತ್ತಾರೆ ಎಂದ ಫಕೀರಪ್ಪ. ಈರಬಸಪ್ಪನವರು ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ಕೂರಲು ಶುರುಮಾಡಿದ್ದು ಆಗಲೇ.

ಈಗ ನನಗೆ ಪತ್ರದ ಅರ್ಥ ಆಯಿತು. ಕಂಡವರು ಕಣ್ಣರಳಿಸುವಂಥ ತೋಟ ಆದರೆ ಬೇವಿನ ಮರ ಮನಸ್ಸು ಬದಲಿಸೀತು, ಮರದ ಹಿಂದೆ ಅವಳೂ ಬಂದಾಳು ಎಂಬ ಆಸೆ ನೀಲಗಂಗವ್ವನವರದು. ನನ್ನನ್ನು ಕರೆದು ಒಂದು ಪೊಟ್ಟಣ ಕುಂಕುಮ ಕೈಗಿಟ್ಟು, ಫಕೀರಪ್ಪ ಎರಡು ಸಲ ಹೋಗಿ ಬರಿಗೈಲಿ ಬಂದ, ನೀವು ಹೊರಗಿನವರು, ನೀವೇ ಹೋಗಿ ಮರವನ್ನು ಕರೆಯಿರಿ ಎಂದರು. ತಾವೇ ಯಾಕೆ ಹೋಗಬಾರದು ಎಂದು ಕೇಳಿದೆ.

"ಯಾ ಮುಖಾ ತೊಗೊಂಡು ಹೋಗ್ಲಿ?" ಎಂದು ಒಳಗೆ ನಡೆದರು.

ಇಲ್ಲಿ ಒಂದು ಮಾತು ಹೇಳಬೇಕು. ನಾನು ತೆಂಕಣ ಸೀಮೆಯವನು. ಯಾರಾದರೂ ಬಂದರೆ ಬನ್ನಿ ಬನ್ನಿ ಎನ್ನುವುದು ನಮ್ಮ ಅಭ್ಯಾಸ. ಆ ಊರಿನಲ್ಲಿ ಹಾಗೆಂದಾಗಲೆಲ್ಲ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ದಸರಾ ಇನ್ನೂ ದೂರ ಐತ್ರೀ ಮಾಸ್ತರ ಎಂದು ಫಕೀರಪ್ಪ ಒಮ್ಮೆ ಕಿಚಾಯಿಸಿದ್ದ. ನನಗೆ ತಿಳಿದಿರಲಿಲ್ಲ, ಕೇಳಲೂ ಇಲ್ಲ. ತಿಳಿದವನೆಂಬ ಗರ್ವ ಇದ್ದವನು ಕೇಳುವುದು ಕಡಿಮೆ.

ಹಳ್ಳ ದಾಟಿ ಒಂದೂವರೆ ತಾಸು ನಡೆದೆ. ಕಾಶವ್ವನ ಊರು ಕಾಣುವ ಮೊದಲೇ ಆ ಬೇವು ಕಂಡಿತು. ನಾನು ಬದುಕಿನಲ್ಲಿ ಬೇಕಾದಷ್ಟು ಮರ ನೋಡಿದ್ದೇನೆ, ಅಂಥದನ್ನು ನೋಡಿರಲಿಲ್ಲ. ನಾಲ್ಕು ಜನ ಕೈಹಿಡಿದು ನಿಂತರೂ ಸುತ್ತಲಾಗದ ಬೊಡ್ಡೆ. ಅವಳ ಚಿಕ್ಕ ಮನೆ, ಮನೆಗೆ ಅಂಟಿದ ಹಿಟ್ಟಿನ ಗಿರಣಿ, ಗಿರಣಿಗೆ ಬಂದವರ ಸಾಲು, ಎಲ್ಲ ಅದರ ನೆರಳಿನೊಳಗೆ. ಮರಕ್ಕೆ ಜಾಗ ಬಿಡಲು ಕಾಂಪೌಂಡು ಒಡೆದಿದ್ದರು, ಸೂರಿನ ಒಂದು ಮೂಲೆಯನ್ನೂ ಕತ್ತರಿಸಿದ್ದರು. ಮೂಡಣಕ್ಕೆ ತಟ್ಟೆಯಗಲದ ಗಾಯದ ಗುರುತು, ಅದರ ಅಂಚಿನಲ್ಲಿ ಗೇಣುದ್ದದ ಚಿಗುರು. ನಾನು ತಲೆ ಎತ್ತಿ ನಿಂತವನು ನಿಂತೇ ಇದ್ದೆ.

ಕಾಶವ್ವ ಕೈಯ ಹಿಟ್ಟು ಕೊಡವುತ್ತ ಹೊರಗೆ ಬಂದಳು. ನಲವತ್ತೈದರ ಆಸುಪಾಸು, ಚುರುಕು ಕಣ್ಣು. ಬೆಲ್ಲ, ನೀರು ಕೊಟ್ಟು ಕೂರಿಸಿ, ಬಂದ ಕೆಲಸ ಕೇಳಿದಳು. ನಾನು ಪೊಟ್ಟಣ ತೋರಿಸಿದೆ.

"ವೈನಿ ಗಿಡಕ್ಕಷ್ಟ ಕುಂಕುಮ ಕಳಿಸ್ಯಾರೇನು?"

ಹೌದು, ನಿಮ್ಮ ಅತ್ತಿಗೆ ಕಳಿಸಿದ್ದು ಮರಕ್ಕೆ ಎಂದೆ. ಅವಳು ಪೊಟ್ಟಣವನ್ನು ಬೆರಳಿಂದ ನನ್ನ ಕಡೆಗೇ ಸರಿಸಿದಳು. ಆಮೇಲೆ, ಕರೀರಿ, ಬಂದರೆ ಕರಕೊಂಡು ಹೋಗ್ರಿ ಎಂದು ಗಿರಣಿಯ ಬಾಗಿಲಿಗೆ ಒರಗಿ ನಿಂತಳು. ನಾನು ಮರದ ಬುಡಕ್ಕೆ ಕುಂಕುಮವಿಟ್ಟು, ಅಕ್ಕಿಕಾಳು ಹಾಕಿ, ಕೈಮುಗಿದು, ತಾಯಿ, ನಿಮ್ಮ ಮನೆಗೆ ಬನ್ನಿ ಎಂದೆ. ಎಲೆ ಅಲುಗಲಿಲ್ಲ. ಕೇಳಿಸಲಿಲ್ಲವೇನೋ ಎಂದು ಜೋರಾಗಿ ಬನ್ನಿ ಎಂದೆ. ಮೂರನೆಯ ಸಲ ಇಡೀ ಊರಿಗೆ ಕೇಳುವಂತೆ, ಎಲ್ಲರೂ ಬನ್ನಿ ಎಂದು ಕೂಗಿದೆ. ಬೇವು ಸುಮ್ಮನೆ ನಿಂತಿತ್ತು. ಹಿಂದೆ ಕಾಶವ್ವ ನಕ್ಕೂ ನಕ್ಕೂ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಗಿರಣಿಗೆ ಬಂದವರೂ ನಗುತ್ತಿದ್ದರು.

"ದೊಡ್ಡ ಕೆಲಸಾ ಮಾಡಿದ್ರಿ ಮಾಸ್ತರ. ಲಗೂನ ಹೋಗಿ ಕಂಬಳಿ ಹಾಸ್ರಿ."

ಸೋತ ಮುಖ ಹೊತ್ತು ಹಿಂದಿರುಗಿದೆ. ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲಿದ್ದಾಗ ಬಯಲಿನ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಕಂಡವು. ಮೂಡಣದಲ್ಲಿ ನಾಲ್ಕು, ಪಡುವಣದಲ್ಲಿ ಆರೇಳು, ಹಳ್ಳದ ಕಡೆಯಿಂದ ಒಂದು ಸಾಲು. ಕಣ್ಣುಜ್ಜಿಕೊಂಡರೆ ಇನ್ನಷ್ಟು ಹತ್ತಿರ. ಕೂಗಿ ಫಕೀರಪ್ಪನನ್ನು ಕರೆದೆ. ಅವನು ಹಣೆಗೆ ಕೈ ಅಡ್ಡ ಹಿಡಿದು ನೋಡಿ, ನೀವು ಏನಂತ ಕರೆದಿರಿ ಎಂದು ಮೆಲ್ಲಗೆ ಕೇಳಿದ. ಬನ್ನಿ ಅಂತ ಎಂದೆ. ಅವನು ಹಣೆ ಚಚ್ಚಿಕೊಂಡು ಬಿಡಿಸಿ ಹೇಳಿದ. ಆ ಸೀಮೆಯಲ್ಲಿ ಮನುಷ್ಯರನ್ನಾಗಲಿ ಗಿಡವನ್ನಾಗಲಿ ಬರ್ರಿ ಎಂದೇ ಕರೆಯುವುದು. ಬನ್ನಿ ಎಂದರೆ ಅವರಿಗೆ ಒಂದೇ ಅರ್ಥ, ಬನ್ನಿ ಮರ. ದಸರೆಯ ದಶಮಿಯಂದು ಎಲೆ ಮುಡಿಯುವ ಬನ್ನಿ ಮರ. ಕುಂಕುಮವಿಟ್ಟು, ಹೆಸರು ಹಿಡಿದು ಮೂರು ಸಲ, ಕಡೆಯ ಸಲ ಎಲ್ಲರೂ ಎಂದು ಕೂಗಿ ಕರೆದಿದ್ದೆ ನಾನು.

ಅವು ಬಂದವು. ಹನ್ನೊಂದು ಹಳ್ಳಿಗಳ ಬನ್ನಿ ಮರಗಳು. ಮುಳ್ಳು ಮೈಯ, ಗಂಟು ಗಂಟಾದ, ಎಷ್ಟು ತಲೆಮಾರು ಕಂಡಿದ್ದವೋ ಹೇಳಲಾಗದ ಮುದಿ ಮರಗಳು. ಒಂದರ ಬೇರಿನಲ್ಲಿ ತನ್ನ ಕಟ್ಟೆಯ ಕಲ್ಲು ಸಿಕ್ಕಿಕೊಂಡೇ ಬಂದಿತ್ತು. ಇನ್ನೊಂದರ ಕೊಂಬೆಯಲ್ಲಿ ಹೋದ ವರ್ಷದ ಕೆಂಪು ವಸ್ತ್ರ. ಮತ್ತೊಂದರಲ್ಲಿ ಕಾಗೆಯ ಗೂಡು, ಗೂಡಿನಲ್ಲಿ ಕಾಗೆ, ತಾನೆಲ್ಲಿಗೆ ಬಂದೆ ಎಂದು ಕತ್ತು ತಿರುಗಿಸುತ್ತಿತ್ತು. ಗಾಳಿ ಇರಲಿಲ್ಲ, ಆದರೂ ಅವುಗಳ ಸಣ್ಣ ಎಲೆಗಳು ಅದುರುತ್ತಿದ್ದವು. ಎತ್ತುಗಳು ಮೇವು ಬಿಟ್ಟು ತಲೆ ಎತ್ತಿದವು. ಮನೆಯ ಹದಿನೆಂಟು ಜನರೂ ಹೊರಗೆ ಬಂದು ನಿಂತರು. ನನ್ನ ಚಪ್ಪಲಿ ಯಾವಾಗ ಬಿಟ್ಟೆನೋ ನನಗೇ ಗೊತ್ತಿಲ್ಲ. ಇಪ್ಪತ್ತಮೂರು ಮರಗಳು ಬಾಗಿಲ ಮುಂದೆ ನಿಂತು, ಕರೆದವರು ಮಾತಾಡಲಿ ಎಂದು ಕಾಯುತ್ತಿದ್ದವು. ಅಷ್ಟು ಹಿರಿಯರು ನನ್ನ ತಪ್ಪೊಂದನ್ನು ನಂಬಿ ನಡೆದು ಬಂದಿದ್ದರು. ನಾಚಿಕೆಗೋ ಬೆರಗಿಗೋ ನಾನು ಕೈಮುಗಿದೆ.

ನೀಲಗಂಗವ್ವ ತಂಬಿಗೆ ಹಿಡಿದು ಮುಂದೆ ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಮೊದಲನೆಯ ಮರದ ಬುಡಕ್ಕೆ ನೀರು ಹಾಕಿದರು, ಒಂದು ಚೂರು ಬೆಲ್ಲ ಇಟ್ಟರು, ಒಳಗ ಬರ್ರಿ ಎಂದರು. ಇಪ್ಪತ್ತಮೂರು ಮರಗಳಿಗೂ ಬೇರೆ ಬೇರೆಯಾಗಿ ಅಂದರು. ಮುಗಿಸಿ ನನ್ನ ಕಡೆ ತಿರುಗಿದರು.

"ಹನ್ನೊಂದು ವರ್ಷ ಆತು ಮಾಸ್ತರ, ಈ ಬಾಗಲದಾಗ ನಾ ಹಿರಿಯರಿಗೆ ಈ ಮಾತ ಅಂದಿಲ್ಲ."

ಈ ಮನೆಗೆ ಯಾರೂ ಬಾರದಿರುವಾಗ ಇವರು ಹೇಗೆ ಬಂದರು ಎಂದು ಫಕೀರಪ್ಪನನ್ನು ಕೇಳಿದೆ. ಬನ್ನಿ ಇರುವುದೇ ಜಗಳ ಬಿಡಿಸಲಿಕ್ಕೆ, ಜಗಳ ಇದ್ದ ಮನೆ ಬಿಟ್ಟು ಇನ್ನೆಲ್ಲಿಗೆ ಹೋಗಬೇಕು ಎಂದ. ಅವು ನನ್ನ ಕಂಬಳಿಗಳ ಕಡೆ ನೋಡಲೂ ಇಲ್ಲ. ಆ ತಗ್ಗಿನ ಸುತ್ತ, ಅದನ್ನು ಮುಟ್ಟದೆ, ಒಂದು ದೊಡ್ಡ ಬಳೆಯ ಆಕಾರದಲ್ಲಿ ಕುಳಿತವು. ಎರಡು ದಿನದಲ್ಲಿ ಮಲ್ಲಿಗೆ, ಸೇವಂತಿಗೆ, ಕನಕಾಂಬರಗಳೆಲ್ಲ ತಮ್ಮ ಹಾಸು ಬಿಟ್ಟೆದ್ದು ಅವುಗಳ ನೆರಳಿಗೆ ಸರಿದವು. ಅವು ಸರಿದ ಸಂದಿಗಳಲ್ಲಿ ದಾರಿಗಳು ತಾವಾಗಿಯೇ ಆದವು, ಒಂದೂ ನೆಟ್ಟಗಿರಲಿಲ್ಲ. ಆದರೆ ಆರು ಎಕರೆಯಲ್ಲಿ ಎಲ್ಲಿ ನಿಂತರೂ ಕಣ್ಣು ಹೋಗುವುದು ನಡುವಿನ ಖಾಲಿ ಜಾಗಕ್ಕೆ. ಇಪ್ಪತ್ತು ವರ್ಷ ಟೇಪು ಹಿಡಿದು ನಾನು ಹುಡುಕಿದ್ದು ಅದನ್ನೇ. ಸುಳ್ಳೇಕೆ, ಮಾಳಿಗೆಯ ಮೇಲೆ ಕುಳಿತು ಅತ್ತೆ. ನಕ್ಷೆಯನ್ನು ಮಡಚಿ ಚೀಲದ ತಳಕ್ಕೆ ಹಾಕಿದೆ.

ಅಷ್ಟರಲ್ಲಿ ಸುತ್ತಲ ಹಳ್ಳಿಗಳವರು ಸಿಟ್ಟಿನಿಂದ ಬರತೊಡಗಿದರು. ದಸರೆ ಎದುರಿಗಿದೆ, ನಮ್ಮೂರ ಬನ್ನಿ ಎಲ್ಲಿ ಎಂದು ಕೇಳುವರು. ಫಕೀರಪ್ಪ ಚಹಾ ಕೊಟ್ಟು ಕೂರಿಸಿ, ನನ್ನ ಕಡೆ ಬೆರಳು ತೋರಿಸುವನು. ಬಂದ ಅತಿಥಿಯನ್ನು ಹಬ್ಬಕ್ಕೆ ಮುಂಚೆ ಎಬ್ಬಿಸುವ ಪದ್ಧತಿ ಇಲ್ಲ. ಕಡೆಗೆ ಈ ವರ್ಷ ಎಲ್ಲರೂ ಇಲ್ಲಿಗೇ ಬಂದು ಬನ್ನಿ ಮುಡಿಯುವುದೆಂದು ತೀರ್ಮಾನವಾಯಿತು. ಬನ್ನಿ ಮುಡಿಯಲು ಯಾರಿಗೂ ಕರೆ ಬೇಕಾಗಿಲ್ಲ. ಹನ್ನೊಂದು ಹಳ್ಳಿಯವರೂ ಬರುತ್ತಾರೆ ಎಂದಾಗ ನೀಲಗಂಗವ್ವ, ಹಳ್ಳದಾಚೆಯವರೂ ಬರಬೇಕಾಗುತ್ತದಲ್ಲ ಎಂದು ಯಾರನ್ನೂ ನೋಡದೆ ಕೇಳಿದರು. ಕುಂಕುಮ ಮರಕ್ಕಷ್ಟೇ ಏನು ಎಂದು ಕಾಶವ್ವ ಕೇಳಿದ್ದನ್ನು ನಾನು ಆಗ ಹೇಳಿದೆ. ಅವರು, ಹಾಗೆಂದು ಕೇಳಿದಳಾ, ಹಾಗೇ ಕೇಳಿದಳಾ ಎಂದು ನನ್ನಿಂದ ಮೂರು ಸಲ ಹೇಳಿಸಿದರು.

ದಶಮಿಯ ಬೆಳಿಗ್ಗೆಯಿಂದ ಗಾಡಿ, ಟ್ರ್ಯಾಕ್ಟರು, ಕಾಲುನಡಿಗೆಯಲ್ಲಿ ಜನ ಬಂದೇ ಬಂದರು. ಹನ್ನೊಂದು ವರ್ಷ ಬಿಕೋ ಎನ್ನುತ್ತಿದ್ದ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ತೋಟದೊಳಗೆ ಬಂದವರೆಲ್ಲ ಮೊದಲು ಕಣ್ಣರಳಿಸಿ ಸುತ್ತ ನೋಡುತ್ತಿದ್ದರು, ಆಮೇಲೆ ಎಲೆ ಕೀಳುತ್ತಿದ್ದರು. ನೀಲಗಂಗವ್ವ ಬಾಗಿಲು ಬಿಟ್ಟು ಕದಲಲಿಲ್ಲ, ಊಟ ಮಾಡಲಿಲ್ಲ. ಹತ್ತು ಹಳ್ಳಿಯವರು ಬಂದಾಯಿತು. ಬಿಸಿಲು ಬಾಗುವ ಹೊತ್ತಿಗೆ ಹಳ್ಳದಾಚೆಯವರ ಗಾಡಿಗಳು ಬಂದವು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ಫಕೀರಪ್ಪ ನನ್ನ ಕಿವಿಯಲ್ಲಿ ಅಂದ. ಕೊನೆಯ ಗಾಡಿಯಿಂದ ಕಾಶವ್ವ ಇಳಿದಳು. ಬಾಗಿಲಲ್ಲಿ ಇಬ್ಬರೂ ಎದುರಾದರು.

"ನನಗ ಯಾರೂ ಕರದಿಲ್ಲ," ಎಂದಳು ಕಾಶವ್ವ. "ನಮ್ಮೂರ ಬನ್ನಿ ಇಲ್ಲಿ ಐತಿ, ಅದಕ್ಕ ಬಂದೀನಿ."

ಕಿರಿಯರು ಹಿರಿಯರಿಗೆ ಬನ್ನಿ ಕೊಟ್ಟು ಕಾಲು ಮುಟ್ಟುವುದು ಪದ್ಧತಿ. ನೀಲಗಂಗವ್ವ ತಾವೇ ಹೋಗಿ ಒಂದು ಹಿಡಿ ಎಲೆ ಕಿತ್ತು ತಂದರು. ಮುಳ್ಳು ಚುಚ್ಚಿ ಬೆರಳಲ್ಲಿ ರಕ್ತ ಬಂದಿತ್ತು. ಎರಡೂ ಕೈಯಲ್ಲಿ ಹಿಡಿದು ನಾದಿನಿಯ ಮುಂದೆ ಚಾಚಿದರು.

"ಕೇಳದ ಕಡಸಿದೆ, ಕಾಶವ್ವ. ತಪ್ಪ ನಂದು."

ಕಾಶವ್ವ ಎಲೆಗಳನ್ನು ನೋಡಿದಳು, ರಕ್ತವನ್ನು ನೋಡಿದಳು. ಆಮೇಲೆ ಎಲೆ ತೆಗೆದುಕೊಂಡು ಅರ್ಧವನ್ನು ಅದೇ ಕೈಗಳಲ್ಲಿ ಹಾಕಿ, ಬಗ್ಗಿ ಕಾಲು ಮುಟ್ಟಿದಳು. "ಬನ್ನಿ ತೊಗೊಂಡು ಬಂಗಾರದಂಗ ಇರೂಣು, ವೈನಿ," ಎಂದಳು. ಎಲ್ಲರೂ ಎಲ್ಲರಿಗೂ ಹೇಳುವ ಮಾತೇ ಅದು. ಆದರೂ ಅದನ್ನು ಕೇಳಿ ಪಡಸಾಲೆಯಲ್ಲಿ ಈರಬಸಪ್ಪನವರು ಕುಳಿತಲ್ಲೇ ಈ ಕಡೆಗೆ ತಿರುಗಿದರು. ತಂಗಿ ಅವರಿಗೂ ಬನ್ನಿ ಕೊಟ್ಟಳು. ಹೋಳಿಗೆ ಉಂಡಳು. ತೋಟವನ್ನೆಲ್ಲ ಸುತ್ತಿದಳು, ತಗ್ಗಿನ ಹತ್ತಿರ ಮಾತ್ರ ನಿಲ್ಲಲಿಲ್ಲ.

ಗಾಡಿ ಕಟ್ಟಿದರು. ಕಾಶವ್ವ ಚಪ್ಪಲಿ ಮೆಟ್ಟಿದಳು. ನೀಲಗಂಗವ್ವ ಸೆರಗು ಬಿಗಿಹಿಡಿದು ನಿಂತಿದ್ದರು. ಹೊರಡುವವಳ ಬಾಯಿಂದ ಯಾವ ಮಾತು ಬರುತ್ತದೆ ಎಂದು ಕಾಯುತ್ತಿದ್ದಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳು ಬಾಗಿಲು ದಾಟಲು ತಿರುಗಿದವಳು ಹಾಗೇ ನಿಂತಳು. ನಾವೂ ತಿರುಗಿ ನೋಡಿದೆವು. ಗಾಡಿಗಳ ಹಿಂದೆ, ದಾರಿಯ ಬದಿಯಲ್ಲಿ, ಬೇರಿನ ತುಂಬ ಹಳ್ಳದ ಹಸಿ ಮಣ್ಣು ಮೆತ್ತಿಕೊಂಡು ಆ ಬೇವು ನಿಂತಿತ್ತು. ಅದನ್ನು ಯಾರೂ ಕರೆದಿರಲಿಲ್ಲ. ಅವಳು ಎಲ್ಲಿಗೆ ಹೋದರೆ ಅಲ್ಲಿಗೆ ಹೋಗುವುದು ಅದರ ಅಭ್ಯಾಸ. ಅದರ ನೆರಳು ಬಾಗಿಲು ದಾಟಿ, ಅಂಗಳ ದಾಟಿ, ಪಡಸಾಲೆಯ ಮೆಟ್ಟಿಲವರೆಗೆ ಬಿದ್ದಿತ್ತು.

ನೀಲಗಂಗವ್ವ ತಂಬಿಗೆ ತುಂಬಿ ತಂದರು. ಕಾಶವ್ವನೇ ತಂಬಿಗೆ ಇಸಕೊಂಡು ಬೇವಿನ ಬುಡಕ್ಕೆ ನೀರು ಹಾಕಿದಳು. ಆ ಗಾಯದ ಚಿಗುರನ್ನು ಒಮ್ಮೆ ಸವರಿದಳು. ಮಗುವಿಗೆ ಹೇಳುವ ದನಿಯಲ್ಲಿ ಮರಕ್ಕೆ ಹೇಳಿದಳು.

"ನೀ ಇಲ್ಲೇ ಇರು. ನಾ ಹೋಗಿ ಬರ್ತೀನಿ."

ಗಾಡಿ ಹಳ್ಳದ ಇಳಿಜಾರಿನಲ್ಲಿ ಮರೆಯಾಗುವವರೆಗೆ ನಾವೆಲ್ಲ ಆ ಕಡೆ ನೋಡುತ್ತಿದ್ದೆವು. ಈ ಕಡೆ ತಿರುಗಿದಾಗ ಬೇವು ತನ್ನ ತಗ್ಗಿನಲ್ಲಿ ಕುಳಿತಿತ್ತು, ಸುತ್ತ ಇಪ್ಪತ್ತಮೂರು ಬನ್ನಿ. ಈರಬಸಪ್ಪನವರು ಅಟ್ಟಕ್ಕೆ ಏಣಿ ಹಾಕಿ, ಧೂಳು ತುಂಬಿದ ಜೋಕಾಲಿಯ ಹಗ್ಗ ಇಳಿಸಿ, ಅಂಗಳದಲ್ಲಿ ಕುಳಿತು ಗಂಟು ಬಿಡಿಸುತ್ತಿದ್ದರು. ಪಂಚಮಿಗೆ ಇನ್ನೂ ಹತ್ತು ತಿಂಗಳಿತ್ತು.